ಒಂದೂ ಭಾಗಲಬ್ಧ ಬಿಂದುವಿಲ್ಲದ ಮೇಲ್ಮೈ

4ರ ವರ್ಗದಲ್ಲಿ 5 ಕಳೆದರೆ 11. 6ರ ವರ್ಗದಲ್ಲಿ ಕಳೆದರೆ 31. 8ಕ್ಕೆ 59, 12ಕ್ಕೆ 139. 9ಕ್ಕೆ 76 ಬರುತ್ತದೆ, ಅದು 4 × 19. 13ಕ್ಕೆ 164, ಅಂದರೆ 4 × 41. 18ಕ್ಕೆ 319, ಅಂದರೆ 11 × 29. ಹೀಗೆ ಎಷ್ಟು ದೂರ ಹೋದರೂ, ಬಂದ ಉತ್ತರಗಳನ್ನು ಅವಿಭಾಜ್ಯ ಸಂಖ್ಯೆಗಳಾಗಿ ಒಡೆದಾಗ 2 ಮತ್ತು 5ನ್ನು ಬಿಟ್ಟು ಉಳಿದ ಅಪವರ್ತನಗಳೆಲ್ಲ 1ರಲ್ಲೋ 9ರಲ್ಲೋ ಕೊನೆಗೊಳ್ಳುತ್ತವೆ. 3, 7, 13, 17, 23, 37 ಇವುಗಳಲ್ಲಿ ಒಂದಕ್ಕೂ ಆ ಪಟ್ಟಿಯಲ್ಲಿ ಜಾಗವಿಲ್ಲ. ಕೋಟ್ಯಂತರ ಸಂಖ್ಯೆಗಳನ್ನು ಪರೀಕ್ಷಿಸಿದರೂ 7 ಒಳಗೆ ನುಸುಳುವುದಿಲ್ಲ.

ಯಾವುದಾದರೂ ವರ್ಗಸಂಖ್ಯೆಯನ್ನು 7ರಿಂದ ಭಾಗಿಸಿದಾಗ ಶೇಷ 5 ಉಳಿದೀತೇ ಎಂಬುದು 7ಕ್ಕೆ ಸೇರಿದ ಪ್ರಶ್ನೆ. ಅದಕ್ಕೆ ಉತ್ತರ ಸಿಗುವುದು ಮಾತ್ರ 5ರ ಬಳಿ. ವರ್ಗಗಳನ್ನು 5ರಿಂದ ಭಾಗಿಸಿದರೆ 0, 1, 4 ಈ ಮೂರೇ ಶೇಷಗಳು ಬರುತ್ತವೆ. 7ನ್ನು 5ರಿಂದ ಭಾಗಿಸಿದರೆ ಉಳಿಯುವುದು 2. ಅದು ಈ ಮೂರರಲ್ಲಿ ಇಲ್ಲ. ಹಾಗಾಗಿ 7ರ ಕಡೆಯಿಂದಲೂ ಉತ್ತರ ‘ಇಲ್ಲ’. 11ನ್ನು 5ರಿಂದ ಭಾಗಿಸಿದರೆ 1 ಉಳಿಯುತ್ತದೆ, ಆದ್ದರಿಂದ 11ಕ್ಕೆ ಉತ್ತರ ‘ಹೌದು’. ಎರಡು ಅವಿಭಾಜ್ಯಗಳು ಒಂದರ ಗುಟ್ಟನ್ನು ಇನ್ನೊಂದು ಕಾಪಾಡಿಕೊಂಡಿರುವ ಈ ವ್ಯವಸ್ಥೆಗೆ ಗಣಿತಜ್ಞರು ಪರಸ್ಪರತೆಯ ನಿಯಮ ಎನ್ನುತ್ತಾರೆ.

ಆಯ್ಲರ್ ಇದನ್ನು ಉದಾಹರಣೆಗಳ ರಾಶಿಯಿಂದ ಊಹಿಸಿದ್ದ. ಫ್ರಾನ್ಸಿನ ಲೆಜಾಂಡ್ರ್ 1785ರಲ್ಲಿ ಸಾಧಿಸಲು ಹೊರಟು, ಆಗ ಯಾರಿಗೂ ಸಾಬೀತು ಮಾಡಲಾಗದಿದ್ದ ಒಂದು ಸಂಗತಿಯನ್ನು ನಂಬಿಕೊಂಡು ಮುಂದುವರಿದಿದ್ದ. ಪೂರ್ಣ ಸಾಧನೆ ಸಿಕ್ಕಿದ್ದು 1796ರ ಏಪ್ರಿಲ್ 8ರಂದು, ಇನ್ನೂ ಹತ್ತೊಂಬತ್ತು ತುಂಬದ ಕಾರ್ಲ್ ಫ್ರೆಡ್ರಿಕ್ ಗೌಸ್‌ಗೆ. ಬೆಸ ಅವಿಭಾಜ್ಯಗಳಾದ ಎರಡನ್ನು ತೆಗೆದುಕೊಂಡಾಗ, ಅವುಗಳಲ್ಲಿ ಒಂದಾದರೂ 4ರಿಂದ ಭಾಗಿಸಿದಾಗ 1 ಉಳಿಸಿದರೆ ಎರಡೂ ಕಡೆಯ ಉತ್ತರ ಒಂದೇ. ಎರಡೂ 3 ಉಳಿಸುವ ಜಾತಿಯವಾದರೆ ಒಂದು ಕಡೆ ‘ಹೌದು’, ಇನ್ನೊಂದು ಕಡೆ ‘ಇಲ್ಲ’. 3 ಮತ್ತು 7 ಇಂಥ ಜೋಡಿ. 7ನ್ನು 3ರಿಂದ ಭಾಗಿಸಿದರೆ 1 ಉಳಿಯುತ್ತದೆ, ಅದು ವರ್ಗ. ಆದರೆ 7ರಿಂದ ಭಾಗಿಸಿದಾಗ ವರ್ಗಗಳು ಬಿಡುವ ಶೇಷ 0, 1, 2, 4. ಅಲ್ಲಿ 3 ಇಲ್ಲ. ಗೌಸ್ ಇದನ್ನು ಬಂಗಾರದ ಪ್ರಮೇಯ ಎಂದು ಕರೆದ. ಬದುಕಿದ್ದಾಗಲೇ ಆರು ಬೇರೆ ಬೇರೆ ಸಾಧನೆಗಳನ್ನು ಪ್ರಕಟಿಸಿದ. ಇನ್ನೆರಡು ಅವನು ಬಿಟ್ಟುಹೋದ ಕಾಗದಗಳಲ್ಲಿ ಸಿಕ್ಕವು.

ಸಾಧಿಸಿಯಾದ ಪ್ರಮೇಯವನ್ನು ಮತ್ತೆ ಮತ್ತೆ ಸಾಧಿಸುವುದೇಕೆ? ಇದೇ ಬಗೆಯ ನಿಯಮ ಘನಗಳಿಗೂ ನಾಲ್ಕನೇ ಘಾತಗಳಿಗೂ ಇರಬೇಕೆಂದು ಗೌಸ್‌ಗೆ ಅನಿಸಿತ್ತು, ಅಲ್ಲಿಗೂ ಒಯ್ಯಬಹುದಾದ ದಾರಿಯನ್ನು ಅವನು ಹುಡುಕುತ್ತಿದ್ದ. ಆ ಹುಡುಕಾಟ ಮುಂದಿನ ನೂರೈವತ್ತು ವರ್ಷಗಳಲ್ಲಿ ಅಂಕಗಣಿತವನ್ನು ದಾಟಿ ಮೇಲ್ಮೈಗಳ ಜ್ಯಾಮಿತಿಗೆ ಬಂದು ಸೇರಿತು.

*

ಡೇವಿಡ್ ಹಿಲ್ಬರ್ಟ್ 1890ರ ದಶಕದಲ್ಲಿ ಈ ನಿಯಮವನ್ನು ಬೇರೊಂದು ಕಡೆಯಿಂದ ನೋಡಿದ. ಅವನ ನೋಟವನ್ನು ಒಂದು ಸರಳ ಪ್ರಶ್ನೆಯಿಂದ ಹಿಡಿಯಬಹುದು: ಕೊಟ್ಟ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಬರುತ್ತದೆಯೇ?

ಇದನ್ನು ಒಂದೇ ಸಲ ಕೇಳದೆ, ಪ್ರತಿಯೊಂದು ಅವಿಭಾಜ್ಯದ ಬಳಿಯೂ ಬೇರೆ ಬೇರೆಯಾಗಿ ಕೇಳಬೇಕು. ಅಡ್ಡಿ ಇಲ್ಲದಿದ್ದರೆ ಅಲ್ಲಿ ಧನ ಚಿಹ್ನೆ, ಇದ್ದರೆ ಋಣ ಚಿಹ್ನೆ. 4ರಿಂದ ಭಾಗಿಸಿದಾಗ 1 ಉಳಿಸುವ 5, 13, 17ರಂಥ ಅವಿಭಾಜ್ಯಗಳು ಎಂದೂ ಅಡ್ಡಿ ಮಾಡುವುದಿಲ್ಲ. 3 ಉಳಿಸುವ 3, 7, 11ರಂಥವು ಆ ಸಂಖ್ಯೆಯನ್ನು ಬೆಸ ಬಾರಿ ಭಾಗಿಸಿದರೆ ಋಣ, ಸಮ ಬಾರಿಯಾದರೆ ಧನ. 2ರ ಬಳಿ ಕೇಳುವಾಗ ಸಂಖ್ಯೆಯಲ್ಲಿರುವ 2ಗಳನ್ನೆಲ್ಲ ತೆಗೆದುಹಾಕಿ, ಉಳಿದದ್ದನ್ನು 4ರಿಂದ ಭಾಗಿಸಬೇಕು: ಶೇಷ 1 ಆದರೆ ಧನ, 3 ಆದರೆ ಋಣ. ಕೊನೆಗೆ ವಾಸ್ತವ ಸಂಖ್ಯೆಗಳ ಬಳಿಯೂ ಒಂದು ಪ್ರಶ್ನೆ. ವರ್ಗಗಳ ಮೊತ್ತ ಸೊನ್ನೆಗಿಂತ ಕೆಳಗಿಳಿಯದು, ಆದ್ದರಿಂದ ಋಣಸಂಖ್ಯೆಗೆ ಅಲ್ಲಿ ಋಣ ಚಿಹ್ನೆ.

ಈಗ ಎಣಿಸಿ ನೋಡಬಹುದು. 3ಕ್ಕೆ ಎರಡು ಕಡೆ ಋಣ: 3ರ ಬಳಿ ಮತ್ತು 2ರ ಬಳಿ. 21ಕ್ಕೆ 3 ಮತ್ತು 7ರ ಬಳಿ. −1ಕ್ಕೆ ವಾಸ್ತವ ಸಂಖ್ಯೆಗಳಲ್ಲಿ ಮತ್ತು 2ರ ಬಳಿ. −7ಕ್ಕೆ ವಾಸ್ತವ ಸಂಖ್ಯೆಗಳಲ್ಲಿ ಮತ್ತು 7ರ ಬಳಿ. 65ಕ್ಕೆ ಎಲ್ಲೂ ಇಲ್ಲ. ಯಾವ ಸಂಖ್ಯೆ ತೆಗೆದುಕೊಂಡರೂ, ಅದು ಭಿನ್ನರಾಶಿಯೇ ಆಗಿರಲಿ, ಋಣ ಚಿಹ್ನೆಗಳ ಎಣಿಕೆ ಸಮಸಂಖ್ಯೆಯೇ ಆಗಿರುತ್ತದೆ. ಒಂಟಿ ಋಣ ಎಂಬುದು ಇಲ್ಲ. ಇಲ್ಲಿ ಹಿನ್ನೆಲೆಯಲ್ಲಿ ಕೂತಿರುವ ಸಂಖ್ಯೆ −1. ಅದರ ಜಾಗದಲ್ಲಿ ಬೇರೆ ಸಂಖ್ಯೆಯಿಟ್ಟು ತಕ್ಕ ಚಿಹ್ನೆಗಳನ್ನು ಬರೆದರೂ ಇದೇ ಫಲ. ಎರಡು ಬೆಸ ಅವಿಭಾಜ್ಯಗಳನ್ನು ಹೀಗೆ ಎದುರುಬದುರು ಇಟ್ಟರೆ ಚಿಹ್ನೆ ಬದಲಾಗಬಹುದಾದ ತಾಣಗಳು ಮೂರೇ: ಆ ಎರಡು ಅವಿಭಾಜ್ಯಗಳು ಮತ್ತು 2. ಮೂರರಲ್ಲಿ ಋಣಗಳ ಎಣಿಕೆ ಸಮವಾಗಿರಬೇಕು ಎಂದಾಗ ಹೊರಬೀಳುವುದು ಗೌಸ್‌ನ ನಿಯಮವೇ.

1900ರಲ್ಲಿ ಪ್ಯಾರಿಸ್‌ನಲ್ಲಿ ಮುಂದಿನ ಶತಮಾನಕ್ಕೆಂದು ಹಿಲ್ಬರ್ಟ್ ಮುಂದಿಟ್ಟ ಸಮಸ್ಯೆಗಳ ಪಟ್ಟಿಯಲ್ಲಿ ಒಂಬತ್ತನೆಯದು, ಪರಸ್ಪರತೆಯ ನಿಯಮದ ಅತ್ಯಂತ ವ್ಯಾಪಕ ರೂಪವನ್ನು ಕಂಡುಹಿಡಿಯುವುದು. ಅದಕ್ಕೆ ಬಹುಮಟ್ಟಿನ ಉತ್ತರವನ್ನು ಎಮಿಲ್ ಆರ್ಟಿನ್ 1927ರಲ್ಲಿ ಕೊಟ್ಟ.

*

ಆಂಡ್ರೆ ವೇಯ್ಲ್ 1930ರಿಂದ 1932ರವರೆಗೆ ಅಲೀಗಢದ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿದ್ದ ಫ್ರೆಂಚ್ ಗಣಿತಜ್ಞ. 1940ರಲ್ಲಿ, ಸೈನ್ಯದ ಕರೆಗೆ ಹಾಜರಾಗಲಿಲ್ಲವೆಂಬ ಆರೋಪದ ಮೇಲೆ ಫ್ರಾನ್ಸಿನ ರೂವಾನ್ ಜೈಲಿನಲ್ಲಿದ್ದಾಗ, ಅವನು ತತ್ತ್ವಜ್ಞಾನಿಯಾದ ತಂಗಿ ಸಿಮೋನ್‌ಗೆ ಒಂದು ದೀರ್ಘ ಪತ್ರ ಬರೆದ. ಸಂಖ್ಯೆಗಳ ಲೋಕ, ಸಾಂತ ಕ್ಷೇತ್ರಗಳ ಮೇಲಿನ ವಕ್ರರೇಖೆಗಳ ಲೋಕ, ರೀಮಾನ್ ಮೇಲ್ಮೈಗಳ ಲೋಕ – ಈ ಮೂರನ್ನೂ ಒಂದೇ ಪಠ್ಯ ಮೂರು ಭಾಷೆಗಳಲ್ಲಿ ಕೆತ್ತಿದ ಶಾಸನದಂತೆ ಓದಬೇಕೆಂಬುದು ಆ ಪತ್ರದ ತಿರುಳು. ಒಂದು ಭಾಷೆಯಲ್ಲಿ ಅಳಿಸಿಹೋದ ಸಾಲನ್ನು ಇನ್ನೊಂದರಿಂದ ತುಂಬಿಕೊಳ್ಳಬಹುದು.

ಪರಸ್ಪರತೆಯ ಸಾಲು ಜ್ಯಾಮಿತಿಯ ಭಾಷೆಯಲ್ಲಿ ಹೇಗಿದೆ ಎಂದು ನೋಡಲು ಎರಡು ಬಹುಪದೋಕ್ತಿಗಳು ಸಾಕು. ಒಂದು (ಕ − 1)(ಕ − 2). ಇದು ಸೊನ್ನೆಯಾಗುವುದು 1 ಮತ್ತು 2ರಲ್ಲಿ. ಇನ್ನೊಂದು (ಕ − 4)(ಕ − 7). ಇದು ಸೊನ್ನೆಯಾಗುವುದು 4 ಮತ್ತು 7ರಲ್ಲಿ. ಮೊದಲನೆಯದಕ್ಕೆ ಎರಡನೆಯದರ ಶೂನ್ಯಗಳನ್ನು ಆದೇಶಿಸಿದರೆ 4ರಲ್ಲಿ 6, 7ರಲ್ಲಿ 30, ಗುಣಲಬ್ಧ 180. ಎರಡನೆಯದಕ್ಕೆ ಮೊದಲನೆಯದರ ಶೂನ್ಯಗಳನ್ನು ಆದೇಶಿಸಿದರೆ 1ರಲ್ಲಿ 18, 2ರಲ್ಲಿ 10; ಗುಣಲಬ್ಧ ಮತ್ತೆ 180. ಎರಡೂ ಬಹುಪದೋಕ್ತಿಗಳ ಘಾತ ಬೆಸವಾಗಿದ್ದರೆ ಮಾತ್ರ ಚಿಹ್ನೆ ತಿರುಗುತ್ತದೆ: (ಕ − 2)ರಲ್ಲಿ 5 ಇಟ್ಟರೆ 3, (ಕ − 5)ರಲ್ಲಿ 2 ಇಟ್ಟರೆ −3. ಗೌಸ್‌ನ ನಿಯಮದಲ್ಲಿ ಎರಡೂ ಅವಿಭಾಜ್ಯಗಳು 3 ಉಳಿಸುವ ಜಾತಿಯವಾದಾಗ ಉತ್ತರ ತಿರುಗಿದ್ದು ಇದೇ ರೀತಿಯಲ್ಲಿ. ಅವಿಭಾಜ್ಯಗಳಿದ್ದ ಜಾಗದಲ್ಲಿ ಈಗ ಬಿಂದುಗಳು, ಸಂಖ್ಯೆಗಳಿದ್ದ ಜಾಗದಲ್ಲಿ ಉತ್ಪನ್ನಗಳು. ಯಾವುದೇ ಸಂಪೂರ್ಣ ವಕ್ರರೇಖೆಯ ಮೇಲೂ ಇದು ನಿಲ್ಲುತ್ತದೆ ಎಂಬುದೇ ವೇಯ್ಲ್ ಹೆಸರಿನ ಪರಸ್ಪರತೆ.

ವಕ್ರರೇಖೆಗೆ ಒಂದು ಆಯಾಮ. ಎರಡು ಆಯಾಮದ ಮೇಲ್ಮೈಗೆ ಬಂದಾಗ ಬಿಂದುವೊಂದೇ ಅವಿಭಾಜ್ಯದ ಪಾತ್ರ ವಹಿಸಲಾರದು. ಮಾಸ್ಕೋದ ಅಲೆಕ್ಸಿ ಪಾರ್ಷಿನ್ 1970ರ ದಶಕದಲ್ಲಿ ಇದಕ್ಕೊಂದು ದಾರಿ ತೋರಿದರು. ಅವರು ಆರಿಸಿದ್ದು ಬಿಂದುವನ್ನೂ ಅದರ ಮೂಲಕ ಹಾಯುವ ಒಂದು ವಕ್ರರೇಖೆಯನ್ನೂ ಸೇರಿಸಿದ ಜೋಡಿ. ಅಂಥ ಪ್ರತಿ ಜೋಡಿಯಲ್ಲೂ ಮೂರು ಉತ್ಪನ್ನಗಳಿಂದ ಒಂದು ಚಿಹ್ನೆ ಹುಟ್ಟುತ್ತದೆ. ಆಗ ನಿಯಮ ಒಂದಲ್ಲ, ಎರಡು. ವಕ್ರರೇಖೆಯನ್ನು ಹಾಗೇ ಇಟ್ಟುಕೊಂಡು ಅದರ ಎಲ್ಲ ಬಿಂದುಗಳಲ್ಲೂ ಸುತ್ತಿಬಂದರೆ ಚಿಹ್ನೆಗಳ ಗುಣಲಬ್ಧ 1. ಬಿಂದುವನ್ನು ಹಾಗೇ ಇಟ್ಟುಕೊಂಡು ಅದರ ಮೂಲಕ ಹಾಯುವ ವಕ್ರರೇಖೆಗಳನ್ನೆಲ್ಲ ಸುತ್ತಿಬಂದರೂ ಗುಣಲಬ್ಧ 1. ಒಂದು ಬಿಂದುವಿನ ಮೂಲಕ ಅನಂತ ವಕ್ರರೇಖೆಗಳು ಹಾಯುತ್ತವೆ, ನಿಜ. ಅವುಗಳಲ್ಲಿ ಬೆರಳೆಣಿಕೆಯವು ಮಾತ್ರ 1ನ್ನು ಬಿಟ್ಟು ಬೇರೆ ಬೆಲೆ ಕೊಡುತ್ತವೆ.

ಪಾರ್ಷಿನ್ ಬೆಳೆದದ್ದು ಇಗೋರ್ ಷಫಾರೆವಿಚ್‌ರ ಗರಡಿಯಲ್ಲಿ. ಷಫಾರೆವಿಚ್ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಎರಡು ಆಯಾಮದ ಅಂಕಗಣಿತೀಯ ವಸ್ತುಗಳ ಬಗ್ಗೆ ಕೊಟ್ಟ ಉಪನ್ಯಾಸಗಳು 1966ರಲ್ಲಿ ಪುಸ್ತಕವಾದವು. ಟಿಪ್ಪಣಿ ಬರೆದವರು ಸಿ. ಪಿ. ರಾಮಾನುಜಂ. ಅವರು ತಪ್ಪುಗಳನ್ನು ತಿದ್ದಿ, ಹಲವು ಸಾಧನೆಗಳನ್ನು ಪೂರ್ತಿಗೊಳಿಸಿದರೆಂದು ಷಫಾರೆವಿಚ್ ಮನಸಾರೆ ಸ್ಮರಿಸಿದ್ದಾರೆ. ಸಂಖ್ಯಾಸಿದ್ಧಾಂತದಿಂದ ಕೆಲಸ ಆರಂಭಿಸಿದ ರಾಮಾನುಜಂ ಮೇಲ್ಮೈಗಳ ಜ್ಯಾಮಿತಿಗೆ ಬಂದು, 1971ರಲ್ಲಿ ಒಂದು ಬಿಂದುವಿಗೆ ಕುಗ್ಗಿಸಬಹುದಾದರೂ ಸಮತಲವಲ್ಲದ ಬೀಜೀಯ ಮೇಲ್ಮೈಯೊಂದನ್ನು ಕಟ್ಟಿ ತೋರಿಸಿದರು. ಅದಕ್ಕೆ ಇಂದಿಗೂ ಅವರದೇ ಹೆಸರು. ಕೊನೆಯ ದಿನಗಳನ್ನು ಬೆಂಗಳೂರಿನಲ್ಲಿ ಕಳೆದ ಅವರು 1974ರಲ್ಲಿ, ಮೂವತ್ತಾರನೇ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು.

*

ಮಾಸ್ಕೋದ ಅದೇ ವಲಯದಲ್ಲಿ ಇನ್ನೊಂದು ಪ್ರಶ್ನೆ ಕಾವೇರಿತ್ತು. ಸಮೀಕರಣವೊಂದು ಮೇಲ್ಮೈಯನ್ನು ಕೊಡುತ್ತದೆ. ಅದರ ಮೇಲೆ ಎಲ್ಲ ನಿರ್ದೇಶಾಂಕಗಳೂ ಭಾಗಲಬ್ಧ ಸಂಖ್ಯೆಗಳಾಗಿರುವ ಒಂದು ಬಿಂದುವಾದರೂ ಇದೆಯೇ? ವಸೀಲಿ ಇಸ್ಕೊವ್‌ಸ್ಕಿಖ್ 1971ರಲ್ಲಿ ಮುಂದಿಟ್ಟ ಮೇಲ್ಮೈ ಇದು:

ಖ² + ಗ² = (3 − ಕ²)(ಕ² − 2)

ಕಣ್ಣಿಗೆ ಇದು ಹೇಗೆ ಕಾಣುತ್ತದೆ? ಎಡಗಡೆ ವರ್ಗಗಳ ಮೊತ್ತವಿದೆ, ಆದ್ದರಿಂದ ಬಲಗಡೆಯೂ ಸೊನ್ನೆಗಿಂತ ಕೆಳಗಿಳಿಯಬಾರದು. ಹಾಗಾಗಬೇಕಾದರೆ ಕ² ಎಂಬುದು 2 ಮತ್ತು 3ರ ನಡುವೆ ಇರಬೇಕು, ಅಂದರೆ ಕ ಸುಮಾರು 1.414ರಿಂದ 1.732ರವರೆಗೆ. ಆ ಅಂತರದಲ್ಲಿ ಕ-ದ ಪ್ರತಿ ಬೆಲೆಗೂ ಒಂದು ವೃತ್ತ. ತುದಿಯಲ್ಲಿ ವೃತ್ತ ಚುಕ್ಕೆಯಷ್ಟಾಗಿ, ನಡುವೆ ಉಬ್ಬಿ, ಕ² ಎರಡೂವರೆಯಾದಾಗ ತ್ರಿಜ್ಯ ಅರ್ಧಕ್ಕೆ ಮುಟ್ಟಿ, ಇನ್ನೊಂದು ತುದಿಯಲ್ಲಿ ಮತ್ತೆ ಚುಕ್ಕೆಯಾಗುತ್ತದೆ. ಅಡ್ಡಳತೆ 1, ದಪ್ಪ ಸುಮಾರು 0.32: ಅಂಚಿಗೆ ನಿಲ್ಲಿಸಿದ ಇಡ್ಲಿ. ಋಣ ಬೆಲೆಗಳ ಕಡೆಯೂ ಅಂಥದೇ ಇನ್ನೊಂದು. ವಾಸ್ತವ ಸಂಖ್ಯೆಗಳಲ್ಲಿ ನೋಡಿದರೆ ಈ ಎರಡು ಇಡ್ಲಿಗಳ ಮೈತುಂಬ ಬಿಂದುಗಳಿವೆ.

ಶೇಷಗಳ ಲೆಕ್ಕದಲ್ಲೂ ಕೊರತೆಯಿಲ್ಲ. ಕ = 1 ಎಂದಿಟ್ಟರೆ ಬಲಗಡೆ −2. 7ರಿಂದ ಭಾಗಿಸುವ ಲೆಕ್ಕದಲ್ಲಿ −2 ಎಂದರೆ 5. ಅದು 1² + 2². 11ರ ಲೆಕ್ಕದಲ್ಲಿ −2 ಎಂದರೆ 9. ಅದು 3² + 0². ಯಾವ ಬೆಸ ಅವಿಭಾಜ್ಯವೇ ಆಗಲಿ, ಅದರ ಎಷ್ಟು ದೊಡ್ಡ ಘಾತದಿಂದಲೇ ಭಾಗಿಸಲಿ, ಹೀಗೆ ಉತ್ತರ ಸಿಕ್ಕೇ ಸಿಗುತ್ತದೆ. 2ರ ವಿಷಯದಲ್ಲಿ ಕ = 0 ಎಂದಿಡಬೇಕು. ಆಗ ಬಲಗಡೆ −6. ಖ = 181, ಗ = 1 ಎಂದು ತೆಗೆದುಕೊಂಡರೆ ಎಡಗಡೆ 32762. ಎರಡರ ವ್ಯತ್ಯಾಸ 32768, ಅಂದರೆ 2ರ ಹದಿನೈದನೇ ಘಾತ. ಅಷ್ಟರಿಂದ ಭಾಗಿಸಿದರೂ ಎರಡೂ ಕಡೆ ಒಂದೇ ಶೇಷ. ಒಂದು ವರ್ಗಕ್ಕೆ 7 ಕೂಡಿಸಿದಾಗ 2ರ ಘಾತ ಬರುವ ಇಂಥ ಐದು ಸಂದರ್ಭಗಳನ್ನು ಶ್ರೀನಿವಾಸ ರಾಮಾನುಜನ್ 1913ರಲ್ಲೇ ಪಟ್ಟಿ ಮಾಡಿದ್ದರು, 181 ಅವುಗಳಲ್ಲಿ ಕೊನೆಯದು. ಇಲ್ಲಿ ಬೇಕಾಗಿರುವುದು ಅಷ್ಟು ನಿಖರವಾದ ಘಾತವಲ್ಲ, ಭಾಗವಾದರೆ ಸಾಕು; ಅದು 2ರ ಪ್ರತಿಯೊಂದು ಘಾತಕ್ಕೂ ಸಾಧ್ಯ.

ಎಲ್ಲ ತಾಣಗಳಲ್ಲೂ ಬಿಂದುಗಳಿವೆ. ಆದರೂ ಈ ಮೇಲ್ಮೈಯ ಮೇಲೆ ಭಾಗಲಬ್ಧ ಬಿಂದು ಒಂದೂ ಇಲ್ಲ. ಕಾರಣ ತಿಳಿಯಲು ಕಾಗದ, ಪೆನ್ಸಿಲ್ ಇದ್ದರೆ ಸಾಕು.

ಇದೆ ಎಂದೇ ಇಟ್ಟುಕೊಂಡು, ಕ-ವನ್ನು ಸಂಕ್ಷೇಪಿಸಿದ ಭಿನ್ನರಾಶಿಯಾಗಿ ಮ/ನ ಎಂದು ಬರೆಯಬೇಕು. ಛೇದ ತೆಗೆದರೆ ಬಲಗಡೆ ಎರಡು ಪೂರ್ಣಸಂಖ್ಯೆಗಳ ಗುಣಲಬ್ಧ ಉಳಿಯುತ್ತದೆ: ತ = 3ನ² − ಮ² ಮತ್ತು ದ = ಮ² − 2ನ². 2 ಮತ್ತು 3ರ ವರ್ಗಮೂಲಗಳು ಭಿನ್ನರಾಶಿಗಳಲ್ಲ, ಆದ್ದರಿಂದ ಇವು ಸೊನ್ನೆಯಾಗಲಾರವು. ತ ಮತ್ತು ದ ಕೂಡಿಸಿದರೆ ನ². 2ತ ಮತ್ತು 3ದ ಕೂಡಿಸಿದರೆ ಮ². ಮ ಮತ್ತು ನ-ಗೆ ಸಾಮಾನ್ಯ ಅಪವರ್ತನ ಇಲ್ಲದ ಮೇಲೆ ತ ಮತ್ತು ದ-ಗೂ ಇರಲಾರದು. ಗುಣಲಬ್ಧ ಧನ, ಮೊತ್ತವೂ ಧನ, ಆದ್ದರಿಂದ ಎರಡೂ ಧನಸಂಖ್ಯೆಗಳೇ.

ಇನ್ನು ಚಿಹ್ನೆಗಳ ಲೆಕ್ಕ. ಗುಣಲಬ್ಧವು ಎರಡು ವರ್ಗಗಳ ಮೊತ್ತ, ಅಂದರೆ 3, 7, 11ರ ಜಾತಿಯ ಪ್ರತಿ ಅವಿಭಾಜ್ಯವೂ ಅದನ್ನು ಸಮ ಬಾರಿಯೇ ಭಾಗಿಸುತ್ತದೆ. ಸಾಮಾನ್ಯ ಅಪವರ್ತನ ಇಲ್ಲದ್ದರಿಂದ ಆ ಸಮ ಬಾರಿಯೂ ಪೂರ್ತಿ ತ-ಗೆ ಸೇರಬೇಕು, ಇಲ್ಲವೇ ಪೂರ್ತಿ ದ-ಗೆ. ಹಾಗಾಗಿ ಎರಡಕ್ಕೂ ಬೆಸ ಅವಿಭಾಜ್ಯಗಳ ಬಳಿ ಋಣ ಚಿಹ್ನೆ ಇಲ್ಲ. ವಾಸ್ತವ ಸಂಖ್ಯೆಗಳಲ್ಲೂ ಇಲ್ಲ. ಉಳಿದದ್ದು 2 ಒಂದೇ. ಮ ಮತ್ತು ನ-ಗಳಲ್ಲಿ ಒಂದು ಸಮ, ಒಂದು ಬೆಸ ಆದರೆ ತ-ವನ್ನು 4ರಿಂದ ಭಾಗಿಸಿದಾಗ ಶೇಷ 3. ಎರಡೂ ಬೆಸವಾದರೆ ದ-ವನ್ನು ಭಾಗಿಸಿದಾಗ ಶೇಷ 3. ಯಾವ ದಾರಿ ಹಿಡಿದರೂ ಎರಡರಲ್ಲೊಂದು ಸಂಖ್ಯೆಗೆ 2ರ ಬಳಿ ಋಣ ಚಿಹ್ನೆ ಬೀಳುತ್ತದೆ, ಬೇರೆಲ್ಲೂ ಇಲ್ಲ. ಒಂಟಿ ಋಣ! ಪರಸ್ಪರತೆಯ ನಿಯಮ ಅದಕ್ಕೆ ಎಡೆ ಕೊಡುವುದಿಲ್ಲ. ಬಿಂದು ಇದೆಯೆಂಬ ಊಹೆ ಇಲ್ಲಿಗೆ ಮುರಿದುಬಿತ್ತು.

ಇಂಥ ಮೇಲ್ಮೈಗಳು ಅದಕ್ಕೂ ಮೊದಲೇ ಬಿಡಿಬಿಡಿಯಾಗಿ ಸಿಕ್ಕಿದ್ದವು. ಪೀಟರ್ ಸ್ವಿನರ್ಟನ್-ಡೈಯರ್ 1962ರಲ್ಲಿ ಒಂದು ಘನ ಮೇಲ್ಮೈಯನ್ನು ಕೊಟ್ಟರು. ಕ್ಯಾಸಲ್ಸ್ ಮತ್ತು ಗೈ 1966ರಲ್ಲಿ ಕೊಟ್ಟದ್ದು ಇನ್ನೂ ಸರಳ: ನಾಲ್ಕು ಘನಗಳನ್ನು 5, 9, 10, 12ರಿಂದ ಗುಣಿಸಿ ಕೂಡಿಸಿದರೆ ಸೊನ್ನೆ ಬರಬೇಕು. ಎಲ್ಲವೂ ಸೊನ್ನೆ ಎಂಬ ಉತ್ತರವನ್ನು ಬಿಟ್ಟರೆ ಭಾಗಲಬ್ಧ ಉತ್ತರ ಇಲ್ಲ, ಶೇಷಗಳ ಲೆಕ್ಕದಲ್ಲಿ ಮಾತ್ರ ಎಲ್ಲೆಲ್ಲೂ ಇದೆ. ಪ್ರತಿಯೊಂದಕ್ಕೂ ಬೇರೆ ಯುಕ್ತಿ ಬೇಕಾಗಿತ್ತು. ಯೂರಿ ಮಾನಿನ್ 1970ರ ನೀಸ್ ಗಣಿತ ಸಮ್ಮೇಳನದ ಸಂಪುಟದಲ್ಲಿ ಪ್ರಕಟಿಸಿದ ಬರಹ ಇವುಗಳ ಹಿಂದಿರುವ ಒಂದೇ ಕಾರಣವನ್ನು ಬಿಡಿಸಿಟ್ಟಿತು. ಮೇಲ್ಮೈಯ ಪ್ರತಿ ಬಿಂದುವಿಗೂ ಒಂದು ಚಿಹ್ನೆ ಕೊಡುವ ವಸ್ತುಗಳು ಕೆಲವಿರುತ್ತವೆ. ಇಸ್ಕೊವ್‌ಸ್ಕಿಖ್ ಉದಾಹರಣೆಯಲ್ಲಿ ಅದು −1ರ ಎದುರು ಇಟ್ಟ 3 − ಕ². ಒಂದೊಂದು ತಾಣದಲ್ಲೂ ಬಿಂದುವನ್ನು ಸ್ವತಂತ್ರವಾಗಿ ಆರಿಸಿಕೊಂಡರೂ, 2ರ ಬಳಿ ಯಾವಾಗಲೂ ಋಣ, ಬೇರೆಡೆ ಯಾವಾಗಲೂ ಧನ. ಭಾಗಲಬ್ಧ ಬಿಂದುವಿಗಾದರೋ ಋಣಗಳು ಜೋಡಿಯಾಗಿ ಬರಲೇಬೇಕು. ಈ ವಸ್ತುಗಳ ಸಮುದಾಯಕ್ಕೆ ಬ್ರೌವರ್ ಗ್ರೂಪ್ ಎಂದೂ, ಹುಟ್ಟುವ ಅಡ್ಡಿಗೆ ಬ್ರೌವರ್–ಮಾನಿನ್ ತಡೆ ಎಂದೂ ಹೆಸರಾಯಿತು.

ಜ್ಯಾಮಿತಿ ತನ್ನ ಬಲ ತೋರುವುದು ಇಲ್ಲಿ. ಒಂದು ಮೇಲ್ಮೈಯ ಮೇಲೆ ಎಂಥೆಂಥ ಪರಸ್ಪರತೆಯ ಪರೀಕ್ಷೆಗಳು ಅಡಗಿವೆ ಎಂಬುದನ್ನು ತೀರ್ಮಾನಿಸುವುದು ಅದರ ಆಕಾರ. ನಯವಾದ ಘನ ಮೇಲ್ಮೈಯ ಮೇಲೆ, ಸಂಕೀರ್ಣ ಸಂಖ್ಯೆಗಳಲ್ಲಿ ನೋಡಿದಾಗ, ಸರಿಯಾಗಿ 27 ಸರಳರೇಖೆಗಳಿವೆ. ಕೇಲಿ ಮತ್ತು ಸಾಲ್ಮನ್ ಇದನ್ನು 1849ರಲ್ಲಿ ಕಂಡುಕೊಂಡರು. ಯಾವುದು ಯಾವುದನ್ನು ಛೇದಿಸುತ್ತದೆ ಎಂಬ ವಿನ್ಯಾಸ ಕೆಡದಂತೆ ಆ ರೇಖೆಗಳನ್ನು 51,840 ಬಗೆಯಲ್ಲಿ ಅದಲುಬದಲು ಮಾಡಬಹುದು. ಸಮೀಕರಣದ ಸಹಗುಣಕಗಳು ಅವುಗಳಲ್ಲಿ ಯಾವ ಅದಲುಬದಲುಗಳನ್ನು ಎಬ್ಬಿಸುತ್ತವೆ ಎಂದು ತಿಳಿದರೆ ಬ್ರೌವರ್ ಗ್ರೂಪ್‌ನ ಅರ್ಥಪೂರ್ಣ ಭಾಗ ಕೈಗೆ ಬರುತ್ತದೆ. ಅದು ಐದೇ ಬಗೆಯದಾಗಿರಲು ಸಾಧ್ಯ ಎಂದು ಸ್ವಿನರ್ಟನ್-ಡೈಯರ್ 1993ರಲ್ಲಿ ತೋರಿಸಿದರು: ಒಂದರಲ್ಲಿ ಏನೂ ಇಲ್ಲ, ಎರಡರಲ್ಲಿ ವರ್ಗಗಳ ಪರಸ್ಪರತೆ ಕೆಲಸ ಮಾಡುತ್ತದೆ, ಇನ್ನೆರಡರಲ್ಲಿ ಘನಗಳ ಪರಸ್ಪರತೆ. ಗೌಸ್ ಹುಡುಕುತ್ತಿದ್ದ, ಐಸೆನ್‌ಸ್ಟೈನ್ 1844ರಲ್ಲಿ ಸಾಧಿಸಿ ಪ್ರಕಟಿಸಿದ ಆ ಘನಗಳ ನಿಯಮ 27 ರೇಖೆಗಳ ವಿನ್ಯಾಸದೊಳಗಿಂದ ಹೀಗೆ ಎದ್ದುಬರುತ್ತದೆ.

ಹಾಗಾದರೆ ಭಾಗಲಬ್ಧ ಬಿಂದುವಿಲ್ಲದ್ದಕ್ಕೆ ಕಾರಣ ಯಾವಾಗಲೂ ಈ ತಡೆಯೇ? ಇಸ್ಕೊವ್‌ಸ್ಕಿಖ್ ಮೇಲ್ಮೈ ಸೇರಿದ ಕುಟುಂಬದ ಮಟ್ಟಿಗೆ ಹೌದು ಎಂದು ಕೊಲಿಯೊ-ತೆಲೆನ್, ಸಾನ್ಸುಕ್ ಮತ್ತು ಸ್ವಿನರ್ಟನ್-ಡೈಯರ್ 1987ರಲ್ಲಿ ಸಾಧಿಸಿದರು. ಎಲ್ಲ ಮೇಲ್ಮೈಗಳಿಗೂ ಅಲ್ಲ: ತಡೆಯೂ ಇಲ್ಲದ, ಬಿಂದುವೂ ಇಲ್ಲದ ಮೇಲ್ಮೈಯೊಂದನ್ನು ಅಲೆಕ್ಸಿ ಸ್ಕೊರೊಬೊಗಾಟೊವ್ 1999ರಲ್ಲಿ ತೋರಿಸಿದರು. ಘನ ಮೇಲ್ಮೈಗಳಿಗೆ ಹೌದು ಎಂಬುದು ಕೊಲಿಯೊ-ತೆಲೆನ್ ಮತ್ತು ಸಾನ್ಸುಕ್ ಅವರ ಊಹೆ. ನಾಲ್ಕು ಘನಗಳ ಮೊತ್ತದ ರೂಪದಲ್ಲಿರುವ, 100ಕ್ಕಿಂತ ಕಡಿಮೆ ಸಹಗುಣಕಗಳ ಸಮೀಕರಣಗಳನ್ನು ಕಂಪ್ಯೂಟರಿನಲ್ಲಿ ಪರೀಕ್ಷಿಸಿದಾಗ, ತಡೆ ಇಲ್ಲದ ಕಡೆಯಲ್ಲೆಲ್ಲ ಬಿಂದು ಸಿಕ್ಕಿತು. ಸಾಮಾನ್ಯ ಘನ ಮೇಲ್ಮೈಗೆ ಸಾಧನೆ ಇನ್ನೂ ಇಲ್ಲ.

ಆ ಸಾಧನೆ ಸಿಕ್ಕರೆ ದೊಡ್ಡದೊಂದು ಬಾಗಿಲು ತೆರೆಯುತ್ತದೆ. ಕೊಟ್ಟ ಸಮೀಕರಣಕ್ಕೆ ಪೂರ್ಣಸಂಖ್ಯೆಗಳಲ್ಲಿ ಉತ್ತರವಿದೆಯೇ ಎಂದು ತೀರ್ಮಾನಿಸುವ ಸರ್ವಸಾಮಾನ್ಯ ವಿಧಾನ ಅಸಾಧ್ಯವೆಂದು ಯೂರಿ ಮತಿಯಾಸೆವಿಚ್ 1970ರಲ್ಲಿ ತೋರಿಸಿಬಿಟ್ಟಿದ್ದಾರೆ. ಭಾಗಲಬ್ಧ ಸಂಖ್ಯೆಗಳ ವಿಷಯದಲ್ಲಿ ಅದೇ ಪ್ರಶ್ನೆ ಇಂದಿಗೂ ಇತ್ಯರ್ಥವಾಗಿಲ್ಲ. ಕೊಲಿಯೊ-ತೆಲೆನ್ ಮತ್ತು ಸಾನ್ಸುಕ್ ಊಹೆ ನಿಜವಾದರೆ, ಕನಿಷ್ಠ ಘನ ಮೇಲ್ಮೈಗಳಿಗೆ ಅಂಥ ವಿಧಾನ ಸಿಕ್ಕಂತೆ. ಒಂದು ಕಂಪ್ಯೂಟರ್ ಚಿಕ್ಕ ಭಿನ್ನರಾಶಿಗಳಿಂದ ಹಿಡಿದು ಬಿಂದುವನ್ನು ಹುಡುಕುತ್ತ ಹೋಗಲಿ. ಇನ್ನೊಂದು 27 ರೇಖೆಗಳ ವಿನ್ಯಾಸದಿಂದ ಪರಸ್ಪರತೆಯ ಪರೀಕ್ಷೆಗಳನ್ನು ಹೆಕ್ಕಿ, ಪ್ರತಿ ತಾಣದ ಚಿಹ್ನೆಗಳನ್ನು ಎಣಿಸಲಿ. ಎರಡರಲ್ಲಿ ಒಂದು ನಿಶ್ಚಿತವಾಗಿ ಉತ್ತರದೊಂದಿಗೆ ನಿಲ್ಲುತ್ತದೆ.